ಕುಲುಮೆಯ ಊಟ, ಕುರ್ಚಿಯ ಕೆಲಸ

ಊಟ ಮೊದಲಿನಷ್ಟೇ ಇದೆ, ತೂಕ ಮಾತ್ರ ಏರುತ್ತಿದೆ ಎಂಬ ಮಾತು ಶಿವಮೊಗ್ಗ ಮತ್ತು ಭದ್ರಾವತಿಯ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹಾಗೆ ಹೇಳುವವರು ತಿಂದದ್ದನ್ನು ಮರೆಮಾಚುತ್ತಿದ್ದಾರೆಂದು ಭಾವಿಸುವುದು ಅನ್ಯಾಯ. ಬಹುತೇಕ ಸಂದರ್ಭಗಳಲ್ಲಿ ಊಟ ನಿಜಕ್ಕೂ ಮೊದಲಿನಷ್ಟೇ ಇರುತ್ತದೆ, ತೂಕ ಏರುವುದಕ್ಕೆ ಕಾರಣವೂ ಅದೇ ಆಗಿರುತ್ತದೆ. ಕಾಡಿನಲ್ಲಿ ಮರ ಕಡಿದು ಇದ್ದಿಲು ಸುಟ್ಟವರು, ಕುಲುಮೆಯ ಎದುರು ನಿಂತು ಅದಿರು ಕರಗಿಸಿದವರು, ಮಳೆಯಲ್ಲಿ ಗದ್ದೆ ಹೂಡಿ ನಾಟಿ ಮಾಡಿದವರು ತಮ್ಮ ದುಡಿಮೆಗೆ ತಕ್ಕಂತೆ ರೂಢಿಸಿಕೊಂಡ ಊಟದ ಅಳತೆಯನ್ನು, ಎರಡು ಮೂರು ತಲೆಮಾರು ಕಳೆದ ಮೇಲೆ ಕಚೇರಿ, ಅಂಗಡಿ, ತರಗತಿಗಳಲ್ಲಿ ಕುಳಿತು ದುಡಿಯುವ ಮಕ್ಕಳು ಮೊಮ್ಮಕ್ಕಳು ಹಾಗೆಯೇ ಉಳಿಸಿಕೊಂಡು ಬಂದಿದ್ದಾರೆ. ಈ ಅವಳಿ ಊರುಗಳ ತೂಕದ ಸಮಸ್ಯೆಯನ್ನು ನಾಲಿಗೆಯ ಚಪಲ, ಮನಸ್ಸಿನ ದೌರ್ಬಲ್ಯ ಎಂದು ಬಣ್ಣಿಸುವುದಕ್ಕಿಂತ, ಬದಲಾದ ದುಡಿಮೆ ಮತ್ತು ಬದಲಾಗದ ತಟ್ಟೆಯ ನಡುವಿನ ಅಂತರವೆಂದು ಗ್ರಹಿಸುವುದು ಹೆಚ್ಚು ಸರಿ. ಆ ಅಂತರ ಎಷ್ಟೆಂದು ಹೇಳಬಲ್ಲ ಮಾನವೇ ಕ್ಯಾಲೊರಿ.

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವನ್ನು ಭೌತಶಾಸ್ತ್ರದಲ್ಲಿ ಒಂದು ಕ್ಯಾಲೊರಿ ಎನ್ನುತ್ತಾರೆ. ಆಹಾರದ ಲೆಕ್ಕಕ್ಕೆ ಇದು ತೀರಾ ಚಿಕ್ಕ ಮಾನವಾದ್ದರಿಂದ ಅದರ ಸಾವಿರ ಪಟ್ಟು, ಅಂದರೆ ಒಂದು ಕಿಲೊಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಕಿಲೊಕ್ಯಾಲೊರಿಯನ್ನು ಬಳಸಲಾಗುತ್ತದೆ. ಜನರ ಮಾತಿನಲ್ಲಿ 'ಇಷ್ಟು ಕ್ಯಾಲೊರಿ' ಎಂದಾಗ ಅದು ಕಿಲೊಕ್ಯಾಲೊರಿಯೇ ಆಗಿರುತ್ತದೆ, ಈ ಲೇಖನದಲ್ಲಿಯೂ ಅದೇ ಅರ್ಥ. ಕೆಲವು ಪೊಟ್ಟಣಗಳ ಮೇಲೆ ಕಾಣುವ ಕಿಲೊಜೂಲ್ ಎಂಬುದು ಅದೇ ಶಕ್ತಿಯ ಇನ್ನೊಂದು ಮಾನವಾಗಿದ್ದು, ಒಂದು ಕಿಲೊಕ್ಯಾಲೊರಿ ಸುಮಾರು 4.18 ಕಿಲೊಜೂಲ್‌ಗೆ ಸಮ. ಕ್ಯಾಲೊರಿ ಎಂಬುದು ಆಹಾರದೊಳಗಿನ ಒಂದು ವಸ್ತುವಲ್ಲ, ಆಹಾರ ಉರಿದಾಗ ಹೊಮ್ಮುವ ಶಾಖದ ಅಳತೆ ಎಂಬುದು ಮನದಟ್ಟಾದರೆ ಈ ವಿಷಯದ ಅರ್ಧದಷ್ಟು ಗೊಂದಲ ತಾನಾಗಿಯೇ ಕಳೆಯುತ್ತದೆ.

ದೇಹದಲ್ಲಿ ನಡೆಯುವುದೂ ಒಂದು ಬಗೆಯ ನಿಧಾನ ದಹನವೆಂಬುದನ್ನು 1780ರ ದಶಕದಲ್ಲಿ ಫ್ರಾನ್ಸಿನ ಲಾವೊಸಿಯೆ ಮತ್ತು ಲಾಪ್ಲಾಸ್ ತೋರಿಸಿದರು. ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಗಿನಿಯಿಲಿಯೊಂದನ್ನು ಇರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ತೂಗಿ, ಅದು ಉಸಿರಿನಲ್ಲಿ ಹೊರಬಿಟ್ಟ ಅನಿಲದ ಪ್ರಮಾಣವನ್ನು ಇದ್ದಿಲು ಉರಿದಾಗ ಬರುವ ಅನಿಲ ಮತ್ತು ಶಾಖದೊಂದಿಗೆ ಅವರು ಹೋಲಿಸಿ ನೋಡಿದ್ದರು. ನೂರು ವರ್ಷಗಳ ಬಳಿಕ, 1890ರ ದಶಕದಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಮನುಷ್ಯನೊಬ್ಬ ಉಣ್ಣುತ್ತ, ಮಲಗುತ್ತ, ದುಡಿಯುತ್ತ ದಿನಗಟ್ಟಲೆ ಇರಬಲ್ಲ ಮುಚ್ಚಿದ ಕೋಣೆಯನ್ನೇ ಕಟ್ಟಿಸಿ, ಒಳಹೋದ ಆಹಾರದ ಶಕ್ತಿಯೂ ಹೊರಬಂದ ಶಾಖವೂ ತಾಳೆಯಾಗುವುದನ್ನು ಪರೀಕ್ಷಿಸಿದರು. ಪಿಷ್ಟ ಮತ್ತು ಸಕ್ಕರೆಯ ಪ್ರತಿ ಗ್ರಾಂಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ಇಂದು ಎಲ್ಲ ಪೊಟ್ಟಣಗಳ ಮೇಲೂ ಬಳಸುವ ಲೆಕ್ಕ ಅವರ ಕೆಲಸದಿಂದ ಬಂದದ್ದು. ಮದ್ಯದಲ್ಲಿರುವ ಆಲ್ಕೊಹಾಲಿಗೆ ಗ್ರಾಂಗೆ 7 ಕ್ಯಾಲೊರಿ ಇರುವುದರಿಂದ, 60 ಮಿಲಿಲೀಟರ್ ವಿಸ್ಕಿ ಯಾವ ಪೋಷಣೆಯನ್ನೂ ಕೊಡದೆ ಸುಮಾರು 140 ಕ್ಯಾಲೊರಿಯನ್ನು ದೇಹಕ್ಕೆ ಸೇರಿಸುತ್ತದೆ.

ಭದ್ರಾವತಿಯ ಓದುಗರಿಗೆ ಈ ಅಂಕಿಗಳನ್ನು ಅವರದೇ ಊರಿನ ಇಂಧನದ ಪಕ್ಕದಲ್ಲಿಟ್ಟು ತೋರಿಸಬಹುದು. ಚೆನ್ನಾಗಿ ಸುಟ್ಟ ಇದ್ದಿಲಿನ ಒಂದು ಗ್ರಾಂ ಉರಿದರೆ ಸರಿಸುಮಾರು 7 ಕ್ಯಾಲೊರಿ ಶಾಖ ಬರುತ್ತದೆ, ಒಣ ಸೌದೆಯಿಂದ 4ರ ಆಸುಪಾಸು. ಅಂದರೆ ಅಕ್ಕಿ ಒಣ ಸೌದೆಯಷ್ಟು ಶಕ್ತಿಯುಳ್ಳದ್ದಾದರೆ, ಅಡುಗೆ ಎಣ್ಣೆ ಇದ್ದಿಲನ್ನೂ ಮೀರಿಸಿದ ಇಂಧನ. ಸೌದೆಯ ಮುಖ್ಯ ಭಾಗವಾದ ಸೆಲ್ಯುಲೋಸ್ ಮತ್ತು ಅನ್ನದ ಪಿಷ್ಟ ಎರಡೂ ಗ್ಲೂಕೋಸ್ ಕಣಗಳ ಸರಪಳಿಗಳೇ ಆದರೂ, ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಜಠರದಲ್ಲಿಯೂ ಸಣ್ಣಕರುಳಿನಲ್ಲಿಯೂ ಇಲ್ಲದಿರುವುದರಿಂದ ಅದು ನಾರಾಗಿ ಮುಂದೆ ಸಾಗುತ್ತದೆ. ನಾರಿನ ಕೆಲ ಭಾಗವನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಒದಗಿಸುವ ಶಕ್ತಿ ಗ್ರಾಂಗೆ ಸರಾಸರಿ 2 ಕ್ಯಾಲೊರಿ. ಸೊಪ್ಪು, ಕಳಲೆ, ಬಾಳೆದಿಂಡು, ಎಳೆ ಹಲಸಿನಕಾಯಿಗಳು ಹೊಟ್ಟೆ ತುಂಬಿಸಿಯೂ ಕಡಿಮೆ ಶಕ್ತಿ ಕೊಡುವುದು ಈ ನಾರಿನಿಂದ ಮತ್ತು ಅವುಗಳಲ್ಲಿ ತುಂಬಿರುವ ನೀರಿನಿಂದ.

ಕ್ಯಾಲೊರಿಯ ಲೆಕ್ಕ ಭಾರತಕ್ಕೆ ಬಂದದ್ದು ತೂಕ ಇಳಿಸುವ ಸಲುವಾಗಿ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1876–78ರ ಮಹಾಕ್ಷಾಮ ಮೈಸೂರು ಸೀಮೆಯನ್ನೂ ಮದ್ರಾಸ್ ಪ್ರಾಂತವನ್ನೂ ಹಿಂಡಿದಾಗ, ಮದ್ರಾಸಿನ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಕೂಲಿ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿಪಡಿಸಿದರು. ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಾ. ಕಾರ್ನಿಶ್ ಅದನ್ನು ಬಲವಾಗಿ ವಿರೋಧಿಸಿದರು. ಇಂದಿನ ಕೋಷ್ಟಕದ ಪ್ರಕಾರ ಲೆಕ್ಕ ಹಾಕಿದರೆ ಒಂದು ಪೌಂಡ್ ಅಕ್ಕಿಯಲ್ಲಿ ಇರುವುದು ಸುಮಾರು 1,600 ಕ್ಯಾಲೊರಿ. ಕಲ್ಲು ಒಡೆಯುವ ದೇಹಕ್ಕೆ ಅದು ಅರ್ಧ ಹೊಟ್ಟೆಯೂ ಅಲ್ಲ. ಮುಂದೆ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಆರಂಭಿಸಿದ ಸಂಶೋಧನಾ ಘಟಕ, ಅವರ ನಂತರ ಬಂದ ಡಬ್ಲ್ಯು. ಆರ್. ಐಕ್ರಾಯ್ಡ್ 1937ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪೋಷಕ ಮೌಲ್ಯದ ಕೋಷ್ಟಕ, 1958ರಲ್ಲಿ ಆ ಪ್ರಯೋಗಾಲಯ ಹೈದರಾಬಾದಿಗೆ ಸ್ಥಳಾಂತರಗೊಂಡು ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾದದ್ದು, ಇವೆಲ್ಲದರ ಹಿಂದಿದ್ದ ಪ್ರಶ್ನೆ ಒಂದೇ: ಹಸಿದವರಿಗೆ ಕನಿಷ್ಠ ಎಷ್ಟು ಬೇಕು? ಬಡತನದ ರೇಖೆಯನ್ನು ಗ್ರಾಮಗಳಲ್ಲಿ 2,400, ನಗರಗಳಲ್ಲಿ 2,100 ಕ್ಯಾಲೊರಿಯ ಆಧಾರದ ಮೇಲೆ 1979ರಲ್ಲಿ ಎಳೆದದ್ದೂ ಇದೇ ಪರಂಪರೆಯಲ್ಲಿ. ಅದೇ ಕೋಷ್ಟಕ ಈಗ ಹೆಚ್ಚಾದದ್ದನ್ನು ಅಳೆಯಲು ಬಳಕೆಯಾಗುತ್ತಿದೆ. ಆದರೆ ಅದು ಕೊರತೆಯ ಲೆಕ್ಕಕ್ಕೆ ಇಂದಿಗೂ ಅಷ್ಟೇ ಅಗತ್ಯವಾಗಿದೆ.

ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ವರ್ಷದಿಂದ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಸಂಸ್ಥೆಯನ್ನು ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದಿಂದ ಮಾಡಿದ ಇದ್ದಿಲು, ಭದ್ರೆಯ ನೀರು ಇವು ಮೂರರ ಮೇಲೆ ನಿಂತ ಆ ಕಾರ್ಖಾನೆಯಲ್ಲಿ ಮರ ಸಾಗಿಸುವುದು, ಸಲಿಕೆಯಿಂದ ಅದಿರು ತುಂಬುವುದು, ಕುಲುಮೆಯ ಬಾಯಿ ತೆರೆದು ಕಾದ ಲೋಹವನ್ನು ಕಾಲುವೆಗೆ ಹರಿಸುವುದು ಮೊದಲಾದ ಕೆಲಸಗಳು ಮೈಮುರಿಯುವಂಥವು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಬಿದಿರು ಮರಗಳ ಹೊರೆ ಹೊತ್ತೇ ಬೆಳೆಯಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನ್ ನಡೆಸುವ ಹೊಣೆಯನ್ನು 1948ರ ಕಾರ್ಖಾನೆಗಳ ಕಾಯ್ದೆ ಮಾಲೀಕರ ಮೇಲೆ ಹೊರಿಸಲು ಅವಕಾಶ ಮಾಡಿಕೊಟ್ಟದ್ದರಲ್ಲಿ, ದುಡಿಯುವ ದೇಹಕ್ಕೆ ಹೊತ್ತಿಗೆ ಸರಿಯಾಗಿ ಇಂಧನ ಬೇಕೆಂಬ ತಿಳಿವಳಿಕೆ ಇತ್ತು. ಪಾಳಿ ಮುಗಿಸಿ ಬಂದವನಿಗೆ ಎರಡು ಸೌಟು ಹೆಚ್ಚು ಅನ್ನ, ಮೇಲೊಂದು ಮಿಳ್ಳೆ ತುಪ್ಪ ಬಡಿಸುವುದು ಆ ಮನೆಗಳಲ್ಲಿ ಪ್ರೀತಿಯೂ ಹೌದು, ನ್ಯಾಯವಾದ ಅಗತ್ಯವೂ ಹೌದು.

ಆ ಅಗತ್ಯ ಎಷ್ಟಿತ್ತೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಕೋಷ್ಟಕದಿಂದ ಅಂದಾಜು ಮಾಡಬಹುದು. 65 ಕಿಲೊ ತೂಕದ ವಯಸ್ಕ ಗಂಡಸು ಅಲುಗಾಡದೆ ಮಲಗಿದ್ದರೂ ಹೃದಯ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿರಲು, ಮಿದುಳು ಮತ್ತು ಯಕೃತ್ತು ಕೆಲಸ ಮಾಡಲು ದಿನಕ್ಕೆ ಸುಮಾರು 1,500 ಕ್ಯಾಲೊರಿ ಖರ್ಚಾಗುತ್ತದೆ. ಇದನ್ನು ಮೂಲ ಚಯಾಪಚಯ ದರ ಎನ್ನುತ್ತಾರೆ. ಕುಳಿತು ಮಾಡುವ ಕೆಲಸದವನಿಗೆ ಇದರ 1.4 ಪಟ್ಟು, ಮಧ್ಯಮ ಶ್ರಮದವನಿಗೆ 1.8 ಪಟ್ಟು, ಭಾರೀ ದುಡಿಮೆಯವನಿಗೆ 2.3 ಪಟ್ಟು ಬೇಕೆಂದು ಹಿಡಿದಾಗ ಬರುವ ಅಂಕಿಗಳು ಕ್ರಮವಾಗಿ 2,110, 2,710 ಮತ್ತು 3,470 ಕ್ಯಾಲೊರಿ. 55 ಕಿಲೊ ತೂಕದ ಹೆಂಗಸಿಗೆ ಅವು 1,660, 2,130 ಮತ್ತು 2,720. ಒಂದೇ ಮೈಕಟ್ಟಿನ ಇಬ್ಬರು ಗಂಡಸರಲ್ಲಿ ಒಬ್ಬ ಕುಲುಮೆಯ ಮುಂದೆಯೂ ಇನ್ನೊಬ್ಬ ಕಂಪ್ಯೂಟರಿನ ಮುಂದೆಯೂ ದಿನ ಕಳೆದರೆ ಅವರ ಅಗತ್ಯಗಳ ನಡುವೆ 1,360 ಕ್ಯಾಲೊರಿಯ ವ್ಯತ್ಯಾಸ ಇರುತ್ತದೆ. 100 ಗ್ರಾಂ ಅಕ್ಕಿಗೆ 356 ಕ್ಯಾಲೊರಿಯಂತೆ ಅದು ಸುಮಾರು 380 ಗ್ರಾಂ ಅಕ್ಕಿಗೆ, ಬೇಯಿಸಿದ ಮೇಲೆ ಒಂದು ಕಿಲೊ ಮೀರುವ ಅನ್ನಕ್ಕೆ ಸಮ.

ದುಡಿಮೆ ಹಗುರವಾದದ್ದು ಒಂದೇ ದಿನದಲ್ಲಿ ಅಲ್ಲ, ಎಲ್ಲರಿಗೂ ಸುಖದ ಕಾರಣಕ್ಕೂ ಅಲ್ಲ. ಯಂತ್ರಗಳು ಬಂದವು, ಇದ್ದಿಲಿನ ಕುಲುಮೆಯ ಕಾಲ ಮುಗಿಯಿತು, ಮುಂದೆ ಉಕ್ಕಿನ ಕಾರ್ಖಾನೆಯಾದ ಆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಗಾರರ ಸಂಖ್ಯೆ ಕುಗ್ಗುತ್ತ ಬಂತು, ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು, 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂರಬೇಕಾಯಿತು. ಕೆಲಸ ಕಳೆದುಕೊಂಡ ಮನೆಗಳ ನೋವಿನ ಮುಂದೆ ತೂಕದ ಮಾತು ಚಿಕ್ಕದೆನಿಸಿದರೂ, ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿ ಕುಳಿತ ದೇಹ ಹಳೆಯ ಹಸಿವಿನ ರೂಢಿಯನ್ನು ಬೇಗನೆ ಬಿಡುವುದಿಲ್ಲ ಎಂಬುದು ಆ ನೋವಿನ ಜತೆಗೇ ಬರುವ ಸಂಗತಿ. ಶಿವಮೊಗ್ಗ ನಗರದ ದುಡಿಮೆಯಾದರೋ ಕಚೇರಿ, ಬ್ಯಾಂಕ್, ಆಸ್ಪತ್ರೆ, ಕಾಲೇಜು, ಅಡಿಕೆ ವ್ಯಾಪಾರಗಳ ಸುತ್ತಲೇ ಬೆಳೆದಿದೆ. ದುರ್ಗಿಗುಡಿಯಿಂದ ಗಾಂಧಿ ಬಜಾರಿಗೆ ನಡೆದೇ ಹೋಗುತ್ತಿದ್ದವರು ಈಗ ಸ್ಕೂಟರ್ ಹತ್ತುತ್ತಾರೆ. ಹೆಂಗಸರ ದುಡಿಮೆಯ ಬದಲಾವಣೆ ಇದಕ್ಕಿಂತಲೂ ಆಳವಾದದ್ದಾದರೂ ಅದು ಅಷ್ಟಾಗಿ ಗಮನಕ್ಕೆ ಬಂದಿಲ್ಲ: ಬಾವಿಯಿಂದ ನೀರು ಸೇದುವುದು, ಒನಕೆಯಲ್ಲಿ ಭತ್ತ ಕುಟ್ಟುವುದು, ಒರಳಿನಲ್ಲಿ ದೋಸೆ ಹಿಟ್ಟು ರುಬ್ಬುವುದು, ತುಂಗೆಯ ದಡದಲ್ಲಿ ಬಟ್ಟೆ ಒಗೆಯುವುದು ಇವೆಲ್ಲ ನಲ್ಲಿ, ಗಿರಣಿ, ಗ್ರೈಂಡರ್, ವಾಷಿಂಗ್ ಮಷಿನ್‌ಗಳ ಪಾಲಾಗಿವೆ. ಆ ದುಡಿಮೆ ಮತ್ತೆ ಬರಲಿ ಎಂದು ಹಾರೈಸುವುದು ಕ್ರೌರ್ಯ. ಅದು ಹೋದದ್ದನ್ನು ತಟ್ಟೆಯ ಲೆಕ್ಕದಲ್ಲಿ ಗಮನಿಸದೆ ಇರುವುದು ಅಚಾತುರ್ಯ.

ನಲವತ್ತು ದಾಟಿದ ಮೇಲೆ ದೇಹದ ಉರಿಯೇ ತಗ್ಗುತ್ತದೆ, ಅದಕ್ಕೇ ಹೊಟ್ಟೆ ಬರುತ್ತದೆ ಎಂಬ ನಂಬಿಕೆಯೊಂದಿದೆ. 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ದೈನಂದಿನ ಶಕ್ತಿಯ ಖರ್ಚನ್ನು ಪರಿಶೀಲಿಸಿ 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು: ಮೈಗಾತ್ರದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ 20ರಿಂದ 60ರ ವಯಸ್ಸಿನವರೆಗೆ ಖರ್ಚು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಇಳಿಕೆ ಆರಂಭವಾಗುವುದು ಅರವತ್ತರ ನಂತರ. ಐವತ್ತರ ಹೊಟ್ಟೆಗೆ ವಯಸ್ಸಿಗಿಂತ ಹೆಚ್ಚಾಗಿ ದುಡಿಮೆಯ ಇಳಿಕೆ, ಸೊರಗಿದ ಸ್ನಾಯು ಮತ್ತು ಬದಲಾಗದ ಊಟವೇ ಕಾರಣವೆಂದು ಇದರಿಂದ ಊಹಿಸಬಹುದು.

ಇಲ್ಲವಾದ ದುಡಿಮೆಯನ್ನು ಬೆಳಗಿನ ನಡಿಗೆ ತುಂಬಿಕೊಡಲಾರದೇ ಎಂಬ ಪ್ರಶ್ನೆ ಸಹಜ. 65 ಕಿಲೊ ತೂಕದವರು ಗಂಟೆಗೆ ಐದು ಕಿಲೊಮೀಟರ್ ವೇಗದಲ್ಲಿ ತುಂಗೆಯ ದಂಡೆಯಲ್ಲೋ ನೆಹರೂ ಕ್ರೀಡಾಂಗಣದ ಸುತ್ತಲೋ ಒಂದು ಗಂಟೆ ನಡೆದರೆ, ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದರೆ ಆಗುತ್ತಿದ್ದ ಖರ್ಚನ್ನು ಕಳೆದು ಉಳಿಯುವ ಹೆಚ್ಚುವರಿ ಖರ್ಚು ಸುಮಾರು 150 ಕ್ಯಾಲೊರಿ. 1,360ರ ಅಂತರವನ್ನು ನಡಿಗೆಯಿಂದಲೇ ತುಂಬಬೇಕೆಂದರೆ ದಿನಕ್ಕೆ ಒಂಬತ್ತು ಗಂಟೆ ನಡೆಯಬೇಕಾಗುತ್ತದೆ. ಅದರ ಮೇಲೆ, ವ್ಯಾಯಾಮ ಹೆಚ್ಚಿದಾಗ ದೇಹ ಉಳಿದ ಹೊತ್ತಿನಲ್ಲಿ ತುಸು ಖರ್ಚು ತಗ್ಗಿಸಿಕೊಳ್ಳುವುದೂ ಉಂಟು. ನಡಿಗೆಯ ಮೊದಲ ಫಲ ಹೃದಯ, ರಕ್ತದ ಸಕ್ಕರೆ, ಸ್ನಾಯು ಮತ್ತು ನಿದ್ರೆಗೆ ದಕ್ಕುತ್ತದೆ, ಇಳಿದ ತೂಕ ಮತ್ತೆ ಏರದಂತೆಯೂ ಅದು ತಡೆಯುತ್ತದೆ. ಆದರೆ ನಡಿಗೆ ಮುಗಿಸಿ ಬರುವ ದಾರಿಯಲ್ಲಿ ಒಂದು ಹಿಡಿ ಖಾರ ಮಿಕ್ಸ್ಚರ್, ಅಂದರೆ 30 ಗ್ರಾಂನಷ್ಟು ಕರಿದ ತಿಂಡಿ, ಬಾಯಿಗೆ ಹೋದರೆ ಆ ಗಂಟೆಯ ಹೆಚ್ಚುವರಿ ಖರ್ಚು ಪೂರ್ತಿ ಮರಳಿ ಬಂದಿರುತ್ತದೆ. ಆದ್ದರಿಂದ ತೂಕದ ಪ್ರಶ್ನೆಗೆ ಉತ್ತರ ಹುಡುಕಬೇಕಾದ ಮೊದಲ ಜಾಗ ಅಡುಗೆಮನೆ.

ಮಲೆನಾಡಿನ ಅಡುಗೆಮನೆಗೆ ಈ ವಿಷಯದಲ್ಲಿ ಹೊರಗಿನವರಿಂದ ಕಲಿಯಬೇಕಾದದ್ದು ಕಡಿಮೆ, ತನ್ನದನ್ನೇ ನೆನಪಿಸಿಕೊಳ್ಳಬೇಕಾದದ್ದು ಹೆಚ್ಚು. ಅಕ್ಕಿ ರೊಟ್ಟಿಯನ್ನೇ ಹತ್ತಿರದಿಂದ ನೋಡಬಹುದು. ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ, ಬಿಸಿಯಿರುವಾಗಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎರಡೂ ಬದಿ ಬೇಯಿಸಿ, ಕೊನೆಗೆ ಕೆಂಡದ ಮೇಲಿಟ್ಟು ಉಬ್ಬಿಸುವ ರೊಟ್ಟಿಗೆ ಎಣ್ಣೆಯ ಅಗತ್ಯವೇ ಇಲ್ಲ; 60 ಗ್ರಾಂ ಹಿಟ್ಟಿನ ಅಂಥ ರೊಟ್ಟಿಯಲ್ಲಿ ಇರುವುದು ಸುಮಾರು 215 ಕ್ಯಾಲೊರಿ. ಅಷ್ಟೇ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು, ಒಂದು ಹಿಡಿ ಕಾಯಿತುರಿ ಕಲೆಸಿ, ಬಾಳೆಲೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ಆ ತೂತುಗಳಿಗೂ ಅಂಚಿಗೂ ಮೂರು ಟೀ ಚಮಚ ಎಣ್ಣೆ ಬಿಟ್ಟರೆ, 15 ಗ್ರಾಂ ಕಾಯಿಯಿಂದ 60, ಎಣ್ಣೆಯಿಂದ 120ಕ್ಕೂ ಹೆಚ್ಚು ಕ್ಯಾಲೊರಿ ಸೇರಿ ಒಟ್ಟು 400ರ ಹತ್ತಿರ ಬರುತ್ತದೆ. ತಟ್ಟೆಯಲ್ಲಿ ಎರಡೂ ಒಂದೊಂದು ರೊಟ್ಟಿಯೇ. ತಟ್ಟಿದ ರೊಟ್ಟಿ ಬೇಡವೆಂದಲ್ಲ, ಅದು ಒಂದೂಮುಕ್ಕಾಲು ರೊಟ್ಟಿಗಿಂತ ತುಸು ಹೆಚ್ಚೆಂಬುದು ತಿನ್ನುವವರಿಗೆ ಗೊತ್ತಿರಬೇಕು ಎಂಬುದಷ್ಟೇ ಮಾತು. ಆವಿಯಲ್ಲಿ ಬೆಂದ ಕಡುಬು, ಪತ್ರೊಡೆ, ಒತ್ತು ಶಾವಿಗೆ, ನೀರು ದೋಸೆಗಳಲ್ಲಿ ಶಕ್ತಿಯ ಬಹುಭಾಗ ಅಕ್ಕಿಯದೇ. ಅವುಗಳ ಮೇಲೆ ಬೀಳುವ ಬೆಣ್ಣೆ, ಜತೆಗೆ ಬರುವ ಗಟ್ಟಿ ಕಾಯಿಹಾಲಿನ ಸಾರು ಎಷ್ಟೆಂಬುದು ಲೆಕ್ಕವನ್ನು ಬದಲಿಸುತ್ತದೆ. ಒಂದೆಲಗದ ತಂಬುಳಿಯಲ್ಲಿ ಸೊಪ್ಪು, ಮಜ್ಜಿಗೆ, ಎರಡು ಚಮಚ ಕಾಯಿತುರಿ ಇರುವುದರಿಂದ ಒಂದು ಬಟ್ಟಲಿಗೆ ನೂರು ಕ್ಯಾಲೊರಿಯೂ ದಾಟುವುದಿಲ್ಲ, ಊಟಕ್ಕೆ ರುಚಿಯೂ ತಂಪೂ ಬರುತ್ತದೆ.

ಅನ್ನ ಬಿಟ್ಟು ರಾಗಿ ಮುದ್ದೆ ಹಿಡಿದರೆ ಸಾಕು, ತೂಕ ತಾನಾಗಿ ಇಳಿಯುತ್ತದೆ ಎಂಬ ಸಲಹೆ ಈಗ ಎಲ್ಲೆಡೆ ಹಬ್ಬಿದೆ. 100 ಗ್ರಾಂ ರಾಗಿಯಲ್ಲಿ 320, ಅಕ್ಕಿಯಲ್ಲಿ 356 ಕ್ಯಾಲೊರಿ ಇರುವಾಗ ಶಕ್ತಿಯ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲು ಮಾತ್ರ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಬಹಳ ಹೆಚ್ಚಿರುವುದರಿಂದ ಅದು ಒಳ್ಳೆಯ ಧಾನ್ಯವೇ, ಹಸಿವನ್ನು ಹೆಚ್ಚು ಹೊತ್ತು ತಡೆಯಲೂಬಹುದು. ಆದರೆ ಎರಡು ದೊಡ್ಡ ಮುದ್ದೆ ಉಂಡು ಮೇಲೆ 'ಮುಗಿಸಲು ಸ್ವಲ್ಪ' ಎಂದು ಅನ್ನವನ್ನೂ ಹಾಕಿಸಿಕೊಂಡರೆ ಧಾನ್ಯದ ಬದಲಾವಣೆಯಿಂದ ಬಂದ ಉಳಿತಾಯ ಏನೂ ಉಳಿಯುವುದಿಲ್ಲ. ಕಾಫಿ, ಚಹಾದ ವಿಷಯವೂ ಹೀಗೆಯೇ ಕಣ್ತಪ್ಪುತ್ತದೆ. 100 ಮಿಲಿಲೀಟರ್ ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟ ಕಾಫಿ ಸುಮಾರು 110 ಕ್ಯಾಲೊರಿ; ದಿನಕ್ಕೆ ನಾಲ್ಕಾದರೆ ಅದು ಒಂದು ಸಣ್ಣ ಊಟಕ್ಕೆ ಸಮ. ಶಿವಮೊಗ್ಗದ ಹೋಟೆಲುಗಳಲ್ಲಿ ಗೆಳೆಯರು ಬೈಟು ಹೇಳಿ ಹಂಚಿಕೊಳ್ಳುವ ರೂಢಿ ಜೇಬಿಗೆ ಎಷ್ಟು ಹಿತವೋ ದೇಹಕ್ಕೂ ಅಷ್ಟೇ ಹಿತ.

ಒಂದೊಂದು ತುತ್ತನ್ನೂ ತೂಗಿ ಮೊಬೈಲಿನಲ್ಲಿ ಬರೆದಿಡುವುದು ಕೆಲವರಿಗೆ ಒಗ್ಗುತ್ತದೆ, ಬಹಳ ಮಂದಿಗೆ ವಾರದೊಳಗೆ ಬೇಸರ ತರುತ್ತದೆ. ಮನೆಯ ಅಡುಗೆಯಲ್ಲಿ ಸೌಟಿನಿಂದ ಸೌಟಿಗೆ ಅಳತೆ ಬದಲಾಗುವುದರಿಂದ ಅದು ಕರಾರುವಾಕ್ಕಾಗಿಯೂ ಇರುವುದಿಲ್ಲ. ಅದಕ್ಕಿಂತ ನಂಬಿಕೆಗೆ ಅರ್ಹವಾದ ದಾಖಲೆಯೊಂದು ಪ್ರತಿ ಮನೆಯಲ್ಲಿಯೂ ಇದೆ: ತಿಂಗಳ ದಿನಸಿ ಚೀಟಿ. ನಾಲ್ವರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿದ್ದರೆ, ಲೀಟರಿಗೆ 910 ಗ್ರಾಂನಂತೆ, ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, ಅಂದರೆ 340 ಕ್ಯಾಲೊರಿ ಎಣ್ಣೆಯಿಂದಲೇ ಆಯಿತು. ಅದನ್ನು ಮೂರು ಲೀಟರಿಗೆ ಇಳಿಸಿದರೆ ತಲೆಗೆ 205 ಕ್ಯಾಲೊರಿ. ತಟ್ಟೆಯಲ್ಲಿ ಒಂದು ತುತ್ತೂ ಕಡಿಮೆಯಾಗದೆ ಪ್ರತಿಯೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿ ಇಳಿಯುತ್ತದೆ. ನಾಲ್ಕು ಕಿಲೊ ಸಕ್ಕರೆ ಬರುವ ಅದೇ ಮನೆಯಲ್ಲಿ ತಲೆಗೆ ದಿನಕ್ಕೆ 33 ಗ್ರಾಂ ಸಕ್ಕರೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಅಪೇಕ್ಷಣೀಯ ಮಿತಿ ಸುಮಾರು 25 ಗ್ರಾಂ. ಬೇಕರಿಯ ಪಫ್ಸ್, ಸಂಜೆಯ ಮಂಡಕ್ಕಿ ಮೆಣಸಿನಕಾಯಿ, ಹೋಟೆಲಿನ ದೋಸೆಯ ಎಣ್ಣೆ ಈ ಚೀಟಿಯಲ್ಲಿ ಬರುವುದಿಲ್ಲ ಎಂಬುದು ಅದರ ಕೊರತೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆಯಾದರೂ, ಊರಿನ ಸಣ್ಣ ಹೋಟೆಲುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ದಿನಕ್ಕೆ 135 ಕ್ಯಾಲೊರಿ ಇಳಿಸಿದರೆ ತೂಕ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಒಂದು ಹಳೆಯ ಸೂತ್ರವಿದೆ. ದೇಹದ ಕೊಬ್ಬಿನ ಒಂದು ಕಿಲೊದಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ, ವರ್ಷಕ್ಕೆ ಆರು ಕಿಲೊಗಿಂತ ತುಸು ಹೆಚ್ಚು ಇಳಿಯಬೇಕೆಂದು ಅದು ಹೇಳುತ್ತದೆ. ಅದೇ ಲೆಕ್ಕವನ್ನು ಹತ್ತು ವರ್ಷಕ್ಕೆ ಎಳೆದರೆ 64 ಕಿಲೊ ಎಂಬ ಅಸಂಭವ ಉತ್ತರ ಬರುತ್ತದೆ. ತೂಕ ಇಳಿದಂತೆ ಚಿಕ್ಕದಾದ ದೇಹಕ್ಕೆ ಖರ್ಚೂ ಕಡಿಮೆಯಾಗುತ್ತದೆ ಎಂಬುದನ್ನು ಈ ಸೂತ್ರ ಮರೆಯುತ್ತದೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮುಂದಿಟ್ಟ ಲೆಕ್ಕದ ಪ್ರಕಾರ, ದಿನದ ಊಟದಲ್ಲಿ ಶಾಶ್ವತವಾಗಿ ಇಳಿಸಿದ ಪ್ರತಿ 10 ಕ್ಯಾಲೊರಿಗೆ ಕೊನೆಗೆ ಇಳಿಯುವ ತೂಕ ಸುಮಾರು 450 ಗ್ರಾಂ. ಅದರಲ್ಲಿ ಅರ್ಧದಷ್ಟು ಇಳಿಯಲು ಒಂದು ವರ್ಷ, ಬಹುಪಾಲು ಪೂರ್ಣಗೊಳ್ಳಲು ಮೂರು ವರ್ಷ ಬೇಕು. ಎಣ್ಣೆಯ ಎರಡು ಲೀಟರ್ ಉಳಿತಾಯ ಮೊದಲ ವರ್ಷ ಮೂರು ಕಿಲೊ, ಮೂರು ವರ್ಷಗಳಲ್ಲಿ ಆರು ಕಿಲೊ ಇಳಿಸಬಹುದು, ಆಮೇಲೆ ಅಲ್ಲಿಯೇ ನಿಲ್ಲಬಹುದು. ಆರನೆಯ ತಿಂಗಳಲ್ಲಿ ಇಳಿಕೆ ನಿಧಾನವಾಯಿತೆಂದು ನಿರಾಶರಾಗುವವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಎಷ್ಟೋ ಪ್ರಯತ್ನಗಳು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ.

ತಿಂಗಳಿಗೆ ಹತ್ತು ಕಿಲೊ ಇಳಿಸುವ ಆಸೆಯಿಂದ ಊಟವನ್ನೇ ಬಿಡುವವರ ದೇಹಕ್ಕೆ ಏನಾಗುತ್ತದೆ ಎಂಬುದನ್ನು 1944–45ರಲ್ಲಿ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಮಂದಿ ಸ್ವಯಂಸೇವಕರ ಮೇಲೆ ನಡೆಸಿದ ಅರೆಹೊಟ್ಟೆಯ ಪ್ರಯೋಗ ತೋರಿಸಿಕೊಟ್ಟಿದೆ: ಆರು ತಿಂಗಳು ಊಟ ಅರ್ಧಕ್ಕಿಳಿದಾಗ ಅವರ ಮೂಲ ಚಯಾಪಚಯ ಕುಸಿಯಿತು, ಕೊಬ್ಬಿನ ಜತೆಗೆ ಸ್ನಾಯುವೂ ಕರಗಿತು, ಮನಸ್ಸು ಆಹಾರದ ಯೋಚನೆಯಲ್ಲೇ ಸುತ್ತತೊಡಗಿತು. ಸ್ನಾಯು ಉಳಿಯಬೇಕಾದರೆ ಇಳಿಸಿದ ಊಟದಲ್ಲಿಯೂ ಬೇಳೆ, ಕಾಳು, ಮೊಟ್ಟೆ, ಮೀನು, ಮೊಸರು ಕಡಿಮೆಯಾಗಬಾರದು. ಪ್ರೋಟೀನನ್ನು ಅರಗಿಸಿಕೊಳ್ಳಲೇ ಅದರ ಶಕ್ತಿಯ ಐದನೆಯ ಒಂದು ಪಾಲಿಗೂ ಹೆಚ್ಚು ಖರ್ಚಾಗುವುದು ಅದರ ಇನ್ನೊಂದು ಅನುಕೂಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು ವೈದ್ಯರ ಸಲಹೆಯಿಲ್ಲದೆ ಊಟ ಇಳಿಸುವುದು ಅಪಾಯ.

ತೂಕ ಇಳಿಸಬೇಕೇ ಎಂಬ ತೀರ್ಮಾನಕ್ಕೂ ತಕ್ಕಡಿಯೊಂದೇ ಸಾಲದು. ಕಿಲೊಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿಎಂಐ ಎಂಬ ಸೂಚಿ ಪಾಶ್ಚಾತ್ಯರಲ್ಲಿ 25 ದಾಟಿದರೆ ಅಧಿಕ ತೂಕ; ಭಾರತೀಯರಿಗೆ ಆ ಗೆರೆಯನ್ನು 23ಕ್ಕೆ, ಬೊಜ್ಜಿನ ಗೆರೆಯನ್ನು 25ಕ್ಕೆ ಇಳಿಸಲಾಗಿದೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಸಣಕಲು ಕೈಕಾಲು, ಸ್ನಾಯು ಕಡಿಮೆ, ಹೊಟ್ಟೆಯೊಳಗೆ ಮಾತ್ರ ಕೊಬ್ಬು ಎಂಬ ಭಾರತೀಯ ಮೈಕಟ್ಟನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ವಿವರವಾಗಿ ಗುರುತಿಸಿದ ಮೇಲೆ, ಪಂಚೆಯ ಗಂಟು ಬಿಗಿಯಾಗುವುದನ್ನು ತಕ್ಕಡಿಯ ಅಂಕಿಯಷ್ಟೇ ಗಂಭೀರವಾಗಿ ಪರಿಗಣಿಸಬೇಕಾಗಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ಸುಮಾರು ಶೇ. 30ರಷ್ಟು ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಹೆಂಗಸರ ಪೈಕಿ ಸುಮಾರು ಶೇ. 17ರಷ್ಟು ಮಂದಿ ಇರಬೇಕಾದದ್ದಕ್ಕಿಂತ ಸಣ್ಣಗಿದ್ದರು, ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಗದ್ದುಗೆಯ ಮೇಲೆ ಕುಳಿತು ಲೆಕ್ಕ ಬರೆಯುವವರಿಗೆ 2,110 ಸಾಕಾದರೆ, ಅಲ್ಲಿಯೇ ಮೂಟೆ ಹೊರುವ ಹಮಾಲಿಗೆ ಇಂದಿಗೂ 3,470 ಬೇಕು. ಭದ್ರಾ ನಾಲೆಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಂಗಸಿಗೆ 2,720 ಬೇಕಾಗಿದ್ದರೂ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ರೂಢಿಯಲ್ಲಿ ಆಕೆಯ ಪಾಲಿಗೆ ಅಷ್ಟು ಸಿಗುವುದಿಲ್ಲ. ತೂಕ ಇಳಿಸುವ ಸಲಹೆಗಳು ಎಲ್ಲರಿಗೂ ಒಂದೇ ಎಂಬಂತೆ ಹಬ್ಬುತ್ತಿರುವಾಗ, ಆಕೆಯ ಬುತ್ತಿಗೆ ಇನ್ನೊಂದು ರೊಟ್ಟಿ, ಒಂದು ಬಟ್ಟಲು ಹುರುಳಿಕಾಳಿನ ಪಲ್ಯ, ಸಾಧ್ಯವಾದರೆ ಒಂದು ಮೊಟ್ಟೆ ಸೇರಿಸಬೇಕೆಂದು ಹೇಳುವುದೂ ಇದೇ ಕೋಷ್ಟಕ.